ನಾನು ನುಂಗಿದ ‘ಅಂತೆ’ಗಳು

ಹಾಸನದ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದ ಮರುವರ್ಷದ ಜನವರಿಯಲ್ಲಿ, ಪರಿಚಯದ ಪ್ರಾಧ್ಯಾಪಕರೊಬ್ಬರು ಫೋನ್ ಮಾಡಿ, ಗ್ರೀಸ್ ದೇಶದ ಸಂಶೋಧಕಿಯೊಬ್ಬರು ಬೇಲೂರು ತಾಲ್ಲೂಕಿನಲ್ಲಿ ಮೂರು ವಾರ ಓಡಾಡಲು ಬರುತ್ತಿದ್ದಾರೆ, ಅವರಿಗೆ ದುಭಾಷಿಯಾಗಿ ಜೊತೆಗಿರಬಹುದೇ ಎಂದು ಕೇಳಿದರು. ಹಳೆಯ ಸ್ಮಾರಕಗಳ ಮಗ್ಗುಲಲ್ಲಿ ಬದುಕುವ ಜನ ಆ ಹಳೆಯ ಕಾಲದೊಂದಿಗೆ ತಮ್ಮನ್ನು ಹೇಗೆ ಜೋಡಿಸಿಕೊಳ್ಳುತ್ತಾರೆ ಎಂಬುದು ಆಕೆಯ ವಿಷಯ. ಮನೆಯಲ್ಲಿ ಕುಳಿತು ಬೇಸರವಾಗಿತ್ತು, ದಿನಭತ್ಯೆಯೂ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನವರು ನಮ್ಮ ಬಗ್ಗೆ ತಪ್ಪುತಪ್ಪಾಗಿ ಬರೆಯುತ್ತಾರೆಂದು ಗೊಣಗುತ್ತಲೇ ಬಂದಿದ್ದ ನನಗೆ, ಒಬ್ಬರಿಂದಲಾದರೂ ಸರಿಯಾಗಿ ಬರೆಸುವ ಅವಕಾಶ ಸಿಕ್ಕಿತೆಂಬ ಹುಮ್ಮಸ್ಸಿತ್ತು. ಒಪ್ಪಿಕೊಂಡೆ. ಆ ಬರಹದಲ್ಲಿ ನುಸುಳಿದ ತಪ್ಪುಗಳಲ್ಲಿ ಹೆಚ್ಚಿನವು ನನ್ನ ಬಾಯಿಂದಲೇ ಹೊರಟವು ಎಂಬುದು ತಿಳಿಯಲು ಏಳು ತಿಂಗಳು ಹಿಡಿಯಿತು.

ಆಕೆ ಉತ್ತರ ಗ್ರೀಸ್‌ನವರು, ಮ್ಯಾಸಿಡೋನಿಯ ಎಂದು ಕರೆಸಿಕೊಳ್ಳುವ ಸೀಮೆಯವರು. ಆ ಹೆಸರೇ ಒಂದು ವ್ಯಾಜ್ಯ. 1991ರಲ್ಲಿ ಯುಗೊಸ್ಲಾವಿಯದಿಂದ ಬೇರೆಯಾದ ನೆರೆಯ ದೇಶ ಅದೇ ಹೆಸರನ್ನು ಇಟ್ಟುಕೊಂಡಾಗ ಗ್ರೀಸ್ ಆಕ್ಷೇಪಿಸಿತು. 1993ರಲ್ಲಿ ವಿಶ್ವಸಂಸ್ಥೆ ಅದನ್ನು ಸೇರಿಸಿಕೊಂಡದ್ದು ಒಂದು ತಾತ್ಕಾಲಿಕ ಹೆಸರಿನಲ್ಲಿ. 2018ರ ಪ್ರೆಸ್ಪಾ ಒಪ್ಪಂದವಾದ ಮೇಲೆ, 2019ರಲ್ಲಿ, ಅದು ಉತ್ತರ ಮ್ಯಾಸಿಡೋನಿಯವಾಯಿತು. ಪ್ರಾಚೀನ ಮ್ಯಾಸಿಡೋನಿಯದ ದೊರೆ ಅಲೆಕ್ಸಾಂಡರ್ ಯಾರವನು ಎಂಬ ಪ್ರಶ್ನೆಯನ್ನು ಎರಡು ಸರ್ಕಾರಗಳು ಕಾಲು ಶತಮಾನ ಜಗ್ಗಾಡಿದವು. ಸಂಶೋಧಕಿಯ ಅಜ್ಜಿ ಮನೆಯೊಳಗೆ ಆಡುತ್ತಿದ್ದುದು ಒಂದು ಸ್ಲಾವಿಕ್ ನುಡಿ. ಅದನ್ನು ಮ್ಯಾಸಿಡೋನಿಯನ್ ಎಂದರೆ ಒಂದು ಪಕ್ಷ ಹಿಡಿದಂತೆ, ಬಲ್ಗೇರಿಯನ್ ಎಂದರೆ ಇನ್ನೊಂದು ಪಕ್ಷ ಹಿಡಿದಂತೆ. ಹಾಗಾಗಿ ಅಜ್ಜಿ ಅದಕ್ಕೆ ‘ನಮ್ಮ ಮಾತು’ ಎಂದಷ್ಟೇ ಹೇಳುತ್ತಿದ್ದರು. 1926ರ ಸರ್ಕಾರಿ ಆದೇಶದಿಂದ ಅಲ್ಲಿನ ಸ್ಲಾವಿಕ್ ಊರಹೆಸರುಗಳು ಗ್ರೀಕ್ ಹೆಸರುಗಳಾದವು. 1936ರಲ್ಲಿ ಶುರುವಾದ ಮೆಟಾಕ್ಸಸ್‌ನ ಸರ್ವಾಧಿಕಾರದಲ್ಲಿ ಆ ನುಡಿಯನ್ನು ಬೀದಿಯಲ್ಲಿ ಆಡಿದವರಿಗೆ ಶಿಕ್ಷೆಯಾಗುತ್ತಿತ್ತು. ಇಂಥ ಸೀಮೆಯ ಬಗ್ಗೆ ಏನೇ ಬರೆದರೂ ಮನೆಯವರಿಗೇ ದ್ರೋಹಿಯಾಗಿ ಕಾಣುತ್ತೇನೆ, ಇಲ್ಲಿಯಾದರೆ ನನಗೆ ಯಾರ ಹಂಗೂ ಇಲ್ಲ, ತಲೆ ತಣ್ಣಗಿಟ್ಟುಕೊಂಡು ನೋಡಬಹುದು ಎಂದು ಆಕೆ ಮೊದಲ ದಿನವೇ ಹೇಳಿದರು. ನಾನೂ ಹೌದೆಂದು ತಲೆಯಾಡಿಸಿದೆ. ಹಂಗಿಲ್ಲದವರ ಕಣ್ಣು ಚುರುಕು ಎಂಬ ನಂಬಿಕೆ ನನ್ನಲ್ಲೂ ಇತ್ತು.

ಮೊದಲ ಎರಡು ದಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದರಲ್ಲಿ ಕಳೆದವು. ಇಂಗ್ಲಿಷಿನ ಪ್ರತಿಯಲ್ಲಿ ‘ನೇಷನ್’ ಎಂಬ ಮಾತು ಆರು ಕಡೆ ಬಂದಿತ್ತು. ದೇಶ ಎಂದು ಬರೆದರೆ ನಮ್ಮ ಹಳ್ಳಿಯವರಿಗೆ ಅದು ಇಂಡಿಯಾ. ರಾಷ್ಟ್ರ ಎಂದರೆ ಜನವರಿ 26ರ ಭಾಷಣ. ಜನಾಂಗ ಎಂದರೆ ಜಾತಿ. ನಾಡು ಎಂದು ಬರೆದೆ. ಆದರೆ ನಾಡು ಎಂಬುದು ಸುಮ್ಮನೆ ಕುಳಿತಿರುವ ಪದವಲ್ಲ. ಶಾಸನಗಳಲ್ಲಿ ಅದು ಕೆಲವು ಊರುಗಳ ಒಂದು ಆಡಳಿತ ಘಟಕ. ಸಕಲೇಶಪುರದ ಕಡೆಯವರ ಬಾಯಲ್ಲಿ ಅದು ಮಲೆನಾಡಿನ ನಾಡು. ನವೆಂಬರ್ ತಿಂಗಳ ವೇದಿಕೆಯಲ್ಲಿ ಅದು ‘ನಾಡು-ನುಡಿ’ಯ ನಾಡು. ಪ್ರಶ್ನೆ ಕೇಳುವವನು ನಿವೃತ್ತ ಮೇಷ್ಟ್ರಾದ್ದರಿಂದ ಎಲ್ಲರಿಗೂ ಮೂರನೆಯ ಅರ್ಥವೇ ಹೊಳೆಯುತ್ತದೆ ಎಂಬುದನ್ನು ನಾನು ಆಗ ಯೋಚಿಸಲಿಲ್ಲ. ಇನ್ನೊಂದು ಪ್ರಶ್ನೆ, ‘ಈ ಕಲ್ಲಿನ ಬಗ್ಗೆ ನಿಮಗೆ ಏನನ್ನಿಸುತ್ತದೆ?’ ಎಂಬುದು. ಹಳ್ಳಿಯ ಜಗಲಿಯ ಮೇಲೆ ಹೀಗೆ ಕೇಳಿದರೆ ‘ಏನನ್ಸುತ್ತೆ, ಕಲ್ಲು ಅನ್ಸುತ್ತೆ’ ಎಂದಾರೆಂದು ಹೆದರಿ, ‘ಹೆಮ್ಮೆ ಅನ್ಸುತ್ತಾ?’ ಎಂದು ತಿದ್ದಿದೆ. ಪ್ರಶ್ನೆ ಸಲೀಸಾಗಲಿ ಎಂಬುದಷ್ಟೇ ನನ್ನ ಉದ್ದೇಶ. ಉತ್ತರವನ್ನು ಪ್ರಶ್ನೆಯೊಳಗೇ ಕಟ್ಟಿ ಕೊಟ್ಟಿದ್ದೆ.

ಹಲ್ಮಿಡಿಗೆ ಹೋದದ್ದು ನಾಲ್ಕನೆಯ ದಿನ. ಕನ್ನಡಿಗರಿಗೆ ಆ ಊರಿನ ಪರಿಚಯ ಹೇಳಬೇಕಾಗಿಲ್ಲ. ಆದರೂ ಮುಂದಿನ ಮಾತಿಗೆ ಬೇಕಾದಷ್ಟನ್ನು ಹೇಳುತ್ತೇನೆ. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಊರಿನ ಶಾಸನದಲ್ಲಿ ಹದಿನಾರು ಸಾಲುಗಳಿವೆ. ಕದಂಬರ ಕಾಲದ್ದು, ಸುಮಾರು ಕ್ರಿ.ಶ. 450ರದೆಂದು ಹೇಳುತ್ತಾರೆ. ಕೇಕಯ ಪಲ್ಲವರೊಂದಿಗೆ ಕಾದಿ ಗೆದ್ದ ವಿಜಅರಸನೆಂಬ ವೀರನಿಗೆ, ನರಿದಾವಿಳೆ ನಾಡಿನ ಒಡೆಯರು ಪಲ್ಮಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ, ಅಂದರೆ ಕತ್ತಿ ತೊಳೆದ ಕೊಡುಗೆಯಾಗಿ, ಬಿಟ್ಟುಕೊಟ್ಟ ದಾಖಲೆ ಅದು. ಆ ಪಲ್ಮಡಿಯೇ ಇಂದಿನ ಹಲ್ಮಿಡಿ. ಈ ಮಾತನ್ನು ಹೇಳಿದಾಗ ಸಂಶೋಧಕಿ ನಿಂತಲ್ಲಿಯೇ ನಿಂತು ಎರಡು ಸಲ ಕೇಳಿಸಿಕೊಂಡರು. ಊರಿನ ಹೆಸರು ಯಾರ ಆದೇಶವೂ ಇಲ್ಲದೆ, ಪಕಾರ ಹಕಾರವಾಗಿ, ಜನರ ನಾಲಿಗೆಯ ಮೇಲೆಯೇ ತಾನಾಗಿ ಬದಲಾಯಿತೆಂಬುದು ಅವರಿಗೆ ಹೊಸದಾಗಿತ್ತು. (ನಮ್ಮಲ್ಲೂ ಆದೇಶದಿಂದ ಬದಲಾದ ಹೆಸರುಗಳಿಲ್ಲವೇ ಎಂದು ಕೇಳಿದರು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಗಿ ಪಕ್ಕದ ಜಿಲ್ಲೆ ಚಿಕ್ಕಮಗಳೂರಾದದ್ದನ್ನು ಹೇಳಿದೆ; ನಾವು ಮೊದಲಿನಿಂದಲೂ ಹಾಗೆಯೇ ಕರೆಯುತ್ತಿದ್ದೆವು, ಬದಲಾದದ್ದು ಬೋರ್ಡು ಮಾತ್ರ ಎಂದು ಸೇರಿಸಿದೆ.)

ಮೂಲ ಕಲ್ಲು ಈಗ ಊರಿನಲ್ಲಿಲ್ಲ, ಇಲಾಖೆಯ ವಶದಲ್ಲಿದೆ. ಊರಿನ ಮಂಟಪದಲ್ಲಿರುವುದು ಫೈಬರ್ ಗ್ಲಾಸಿನ ಪ್ರತಿಕೃತಿ. ಸಂಶೋಧಕಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, 450 ಎಂಬ ಇಸವಿ ಯಾವ ಸಾಲಿನಲ್ಲಿದೆ, ತೋರಿಸಿ ಎಂದರು. ಇಸವಿ ಇಲ್ಲ. ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಲಿಪಿಯ ರೂಪವನ್ನೂ ಅದರಲ್ಲಿ ಬರುವ ಕಕುಸ್ಥನೆಂಬ ಕದಂಬ ದೊರೆಯ ಹೆಸರನ್ನೂ ಹಿಡಿದು ವಿದ್ವಾಂಸರು ಕಟ್ಟಿದ ಕಾಲ ಅದು. ಆ ಕಕುಸ್ಥ ಯಾರೆಂಬ ಬಗ್ಗೆ ನಮ್ಮ ವಿದ್ವಾಂಸರಲ್ಲಿಯೇ ಚರ್ಚೆಯಿದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ, ಪಾಠ ಹೇಳಿದ್ದೇ. ಆದರೂ ಹೊರಗಿನವರೊಬ್ಬರು ಬೆರಳು ಚಾಚಿ ಕೇಳಿದಾಗ ಕಿವಿ ಬಿಸಿಯಾಯಿತು. ‘ಸುಮಾರು 450 ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು’ ಎಂದು ಹೇಳಿ ಮುಂದಕ್ಕೆ ನಡೆದೆ.

ಮಂಟಪದಿಂದ ಸ್ವಲ್ಪ ದೂರದಲ್ಲಿ ಒಬ್ಬ ಯಜಮಾನರು ಜಗಲಿಯ ಮೇಲೆ ಗೋಣಿ ಹಾಸಿಕೊಂಡು ಬಿತ್ತನೆ ಶುಂಠಿಯನ್ನು ವಿಂಗಡಿಸುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಮುರುಟಿದ್ದನ್ನು ಒಂದು ಕಡೆ, ಕಣ್ಣಿರುವ ಗೆಡ್ಡೆಯನ್ನು ಇನ್ನೊಂದು ಕಡೆ ಎಸೆಯುತ್ತ, ನಮ್ಮನ್ನು ಕೂರಿಸಿ, ಸೊಸೆಗೆ ಕೂಗಿ ಕಾಫಿ ಹೇಳಿ, ಮೊದಲು ಆನೆ ಕಾಟದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಅದು ನಮ್ಮ ಪ್ರಶ್ನಾವಳಿಯಲ್ಲಿ ಇರಲಿಲ್ಲವಾದ್ದರಿಂದ ನಾನು ಅದನ್ನು ಎರಡು ವಾಕ್ಯದಲ್ಲಿ ಇಂಗ್ಲಿಷಿಗೆ ಇಳಿಸಿದೆ. ನಂತರ ಕಲ್ಲಿನ ಮಾತು ಬಂತು. ಅವರು ಹೇಳಿದ್ದು ಧ್ವನಿಮುದ್ರಣದಲ್ಲಿ ಹೀಗಿದೆ: ‘ಅದೇನೋ ಸಾವಿರದೈನೂರು ವರ್ಷದ ಕಲ್ಲಂತೆ ಮೇಷ್ಟ್ರೇ. ಕನ್ನಡದಲ್ಲಿ ಅದಕ್ಕಿಂತ ಹಳೇದು ಇಲ್ವಂತೆ. ಮುಂಚೆ ಇಲ್ಲೇ ಇತ್ತಂತೆ, ಆಮೇಲೆ ಸರ್ಕಾರದೋರು ತಗೊಂಡೋದ್ರಂತೆ. ನಾನು ಕಂಡಿರೋದು ಈ ಪ್ಲಾಸ್ಟಿಕ್ ಕಲ್ಲು.’ ಹೆಮ್ಮೆ ಅನ್ಸುತ್ತಾ ಎಂಬ ನನ್ನ ಪ್ರಶ್ನೆಗೆ ಅವರು ಶುಂಠಿಯಿಂದ ತಲೆಯೆತ್ತದೆ, ‘ಹೂಂ ಮತ್ತೆ, ನವೆಂಬರ್ ಬಂದ್ರೆ ಜನ ಬರ್ತಾರೆ’ ಎಂದರು.

ನಾನು ಇದನ್ನು ಹೇಗೆ ದಾಟಿಸಿದೆನೆಂಬುದನ್ನೂ ಅದೇ ಧ್ವನಿಮುದ್ರಣ ಉಳಿಸಿಕೊಂಡಿದೆ. ಕನ್ನಡದಲ್ಲಿ ಹೇಳಬೇಕೆಂದರೆ ಅದು ಹೀಗಾಗುತ್ತದೆ: ‘ನಮ್ಮ ಊರಿನ ಶಾಸನ ಸಾವಿರದೈನೂರು ವರ್ಷ ಹಳೆಯದು. ಕನ್ನಡದಲ್ಲಿ ಅದಕ್ಕಿಂತ ಹಳೆಯದಿಲ್ಲ. ಅದು ಇಲ್ಲಿಯೇ ಇತ್ತು, ಸರ್ಕಾರ ಒಯ್ದುಬಿಟ್ಟಿತು. ಈಗ ನಮಗೆ ಉಳಿದಿರುವುದು ಒಂದು ಪ್ರತಿಕೃತಿ ಮಾತ್ರ. ಹೌದು, ಬಹಳ ಹೆಮ್ಮೆಯಿದೆ. ನವೆಂಬರ್‌ನಲ್ಲಿ ಜನ ಇಲ್ಲಿಗೆ ಬರುತ್ತಾರೆ.’ ಅಂದು ಸಂಜೆ ಬೇಲೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತ, ಕೆಲಸ ಚೆನ್ನಾಗಿ ನಡೆಯಿತೆಂದು ನಾವಿಬ್ಬರೂ ಹೇಳಿಕೊಂಡೆವು.

ಎರಡನೆಯ ವಾರ ಹಳೇಬೀಡಿನಲ್ಲಿ ನಮ್ಮಿಬ್ಬರ ನಡುವೆ ವಾದ ಹತ್ತಿಕೊಂಡಿತು, ಅದರಲ್ಲಿ ನಾನು ಗೆದ್ದೆ. ಗೆದ್ದದ್ದನ್ನು ಏಕೆ ಹೇಳುತ್ತೇನೆಂದರೆ, ಮುಂದೆ ನಾನು ಎಡವಿದ್ದಕ್ಕೂ ಈ ಗೆಲುವಿನ ಅಮಲಿಗೂ ಸಂಬಂಧವಿದೆ. ಗೈಡ್ ಒಬ್ಬರು ಸಳ ಹುಲಿಯನ್ನು ಕೊಲ್ಲುವ ಲಾಂಛನವನ್ನು ತೋರಿಸಿ, ಜೈನ ಮುನಿ ‘ಹೊಯ್ ಸಳ’ ಎಂದ ಕಥೆಯನ್ನು ಹೇಳಿ, ಕೊನೆಗೆ ಹುಲಿ ಎಂದರೆ ಚೋಳರ ಲಾಂಛನ, ಇದು ಚೋಳರನ್ನು ಹೊಡೆದ ಗುರುತು ಎಂದರು. ಹಾಗೆ ಅರ್ಥ ಮಾಡುವ ಇತಿಹಾಸಕಾರರೂ ಇದ್ದಾರೆ. ವಿಷ್ಣುವರ್ಧನನ ಸೇನೆ ತಲಕಾಡನ್ನು ಚೋಳರಿಂದ ಗೆದ್ದದ್ದು ನಿಜ. ಆದರೆ ಸಂಶೋಧಕಿಯ ಕಣ್ಣು ಅರಳಿದ ರೀತಿ ನೋಡಿದರೆ ಅವರಿಗೆ ನಿಧಿ ಸಿಕ್ಕಂತಿತ್ತು. ರಾತ್ರಿ ತೋರಿಸಿದ ಟಿಪ್ಪಣಿಯಲ್ಲಿ ಕನ್ನಡ ಮತ್ತು ತಮಿಳು ಜನಾಂಗಗಳ ಒಂಬೈನೂರು ವರ್ಷದ ಹಗೆ ಕಲ್ಲಿನಲ್ಲಿ ಮೂಡಿದೆ ಎಂಬರ್ಥದ ವಾಕ್ಯವಿತ್ತು. ಅಲೆಕ್ಸಾಂಡರ್‌ಗಾಗಿ ಎರಡು ಜನಾಂಗಗಳು ಜಗ್ಗಾಡುವುದನ್ನು ನೋಡುತ್ತ ಬೆಳೆದವರು ಸಳನಲ್ಲೂ ಅದನ್ನೇ ಕಂಡಿದ್ದರು.

ನಾನು ಬಿಡಲಿಲ್ಲ. ಕೆತ್ತನೆಯ ಆ ಪ್ರಾಣಿ ಅನೇಕ ಕಡೆ ಹುಲಿಗಿಂತ ಸಿಂಹವನ್ನೇ ಹೆಚ್ಚು ಹೋಲುತ್ತದೆ ಎಂಬುದು ಇರಲಿ. ಅದೇ ಹೊಯ್ಸಳ ವಂಶದ ಎರಡನೆಯ ನರಸಿಂಹ, ತನ್ನ ಸಾಮಂತನ ಸೆರೆಗೇ ಸಿಕ್ಕ ಚೋಳ ದೊರೆ ಮೂರನೆಯ ರಾಜರಾಜನನ್ನು ಬಿಡಿಸಿ ಪಟ್ಟದಲ್ಲಿ ಕೂರಿಸಿ, ‘ಚೋಳರಾಜ್ಯ ಪ್ರತಿಷ್ಠಾಪನಾಚಾರ್ಯ’ ಎಂದು ಬಿರುದು ಪಡೆದ. ಅವನ ಮಗ ಸೋಮೇಶ್ವರ ಶ್ರೀರಂಗದ ಹತ್ತಿರದ ಕಣ್ಣಾನೂರಿನಲ್ಲಿ ಬೀಡು ಬಿಟ್ಟ; ಸೋಮೇಶ್ವರನ ಮಗ ರಾಮನಾಥ ಅಲ್ಲಿಂದಲೇ ಆಳಿದ; ಕೊನೆಯ ದೊಡ್ಡ ದೊರೆ ಮೂರನೆಯ ಬಲ್ಲಾಳ ತಿರುವಣ್ಣಾಮಲೈಯನ್ನು ನೆಲೆ ಮಾಡಿಕೊಂಡಿದ್ದ; ಈ ದೊರೆಗಳ ಹೆಸರಿನಲ್ಲಿ ತಮಿಳು ಶಾಸನಗಳೂ ಇವೆ. ರಾಜರು ರಾಜರೊಂದಿಗೆ ಹೊಡೆದಾಡಿದರು, ನಂಟಸ್ತಿಕೆ ಮಾಡಿದರು, ಮತ್ತೆ ಹೊಡೆದಾಡಿದರು. ಅದನ್ನು ಇಂದಿನ ಎರಡು ಭಾಷಿಕ ರಾಜ್ಯಗಳ ಗಡಿರೇಖೆಯ ಮೇಲೆ ಕೂರಿಸಿದರೆ ಅದು ನಿಮ್ಮ ಊರಿನ ಕನ್ನಡಕವೇ ಹೊರತು ನಮ್ಮ ಇತಿಹಾಸವಲ್ಲ ಎಂದೆ. ಆಕೆ ಆ ವಾಕ್ಯವನ್ನು ಹೊಡೆದುಹಾಕಿದರು. ನನಗೋ, ನಿಷ್ಪಕ್ಷಪಾತದ ಕಾವಲಿಗೆ ನಿಂತವನು ನಾನೇ ಎನಿಸಿ ಎದೆಯುಬ್ಬಿತು.

ಮೂರನೆಯ ವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಮಾತು ಸಾಕು. ಆಲೂರಿನ ಹತ್ತಿರದ ಒಬ್ಬ ಅಜ್ಜಿಯನ್ನು, ನೀವು ಕರ್ನಾಟಕದವರು ಎಂದು ಯಾವಾಗಿನಿಂದ ಹೇಳಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ, ‘ನಾವು ಮೈಸೂರು ಸೀಮೆಯೋರು ಕಣಪ್ಪ, ಕರ್ನಾಟಕ ಅಂತ ಆಮೇಲೆ ಆಯ್ತಂತೆ’ ಎಂದರು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಅವರು ಮದುವೆಯಾಗಿ ಮಕ್ಕಳನ್ನು ಹೆತ್ತಿದ್ದವರು. ತಾವು ಬದುಕಿದ್ದಾಗಲೇ, ತಮಗೇ ಆದ ಸಂಗತಿಯೊಂದಕ್ಕೆ ಅವರು ‘ಅಂತೆ’ ಹಚ್ಚಿದರು. ಅದೂ ನನ್ನ ಕಿವಿಗೆ ಬೀಳಲಿಲ್ಲ.

ಆಗಸ್ಟ್‌ನಲ್ಲಿ ಕರಡು ಬಂತು. ಹಲ್ಮಿಡಿಯ ಭಾಗದಲ್ಲಿ, ಊರಿನ ಹಿರಿಯರು ಶಾಸನದ ಪ್ರಾಚೀನತೆಯನ್ನು ದೃಢವಾಗಿ ನಂಬುತ್ತಾರೆ, ಅದರ ಬಗ್ಗೆ ಗಾಢವಾದ ಹೆಮ್ಮೆ ಹೊಂದಿದ್ದಾರೆ, ಮೂಲ ಕಲ್ಲನ್ನು ಸರ್ಕಾರ ಒಯ್ದದ್ದರಿಂದ ಅವರಲ್ಲಿ ವಂಚಿತಭಾವ ನೆಲೆಸಿದೆ ಎಂದಿತ್ತು. ಓದಿ ಸಂತೋಷಪಟ್ಟೆ. ಎಷ್ಟು ಸರಿಯಾಗಿ ಗ್ರಹಿಸಿದ್ದಾರೆ ಎಂದು ಮನೆಯವಳಿಗೂ ಓದಿ ಹೇಳಿದೆ. ಕರಡಿನ ಜೊತೆಗಿದ್ದ ಪತ್ರದ ಕೊನೆಯಲ್ಲಿ ಒಂದು ಸಣ್ಣ ಪ್ರಶ್ನೆಯಿತ್ತು. ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳುವಾಗ ಆ ಹಿರಿಯರ ವಾಕ್ಯಗಳ ಕೊನೆಯಲ್ಲಿ ‘ಅಂತೆ’ ಎಂಬ ಒಂದೇ ಸದ್ದು ಮರಳಿ ಮರಳಿ ಕೇಳಿಬರುತ್ತದೆ, ಶುಂಠಿ, ಆನೆಗಳ ಮಾತಿನಲ್ಲಿ ಅದು ಇಲ್ಲ, ಕಲ್ಲಿನ ಮಾತು ಬಂದಾಗ ಮಾತ್ರ ಇದೆ, ನಿಮ್ಮ ಅನುವಾದದಲ್ಲಿ ಅದಕ್ಕೆ ಹೊಂದುವ ಯಾವ ಮಾತೂ ನನಗೆ ಕಾಣಲಿಲ್ಲ, ಅದೇನು? ನಮ್ಮ ಗ್ರೀಕಿನಲ್ಲಿ ಇಂಥದ್ದಿಲ್ಲ, ಆದರೆ ನನ್ನ ಅಜ್ಜಿಯ ನುಡಿಯಲ್ಲಿ ಕಣ್ಣಾರೆ ಕಂಡದ್ದಕ್ಕೆ ಒಂದು ಕ್ರಿಯಾರೂಪ, ಇನ್ನೊಬ್ಬರಿಂದ ಕೇಳಿದ್ದಕ್ಕೆ ಇನ್ನೊಂದು ಇತ್ತು. ತುರ್ಕಿಯಲ್ಲೂ ‘ಮಿಶ್’ ಎಂಬ ಪ್ರತ್ಯಯ ಆ ಕೆಲಸ ಮಾಡುತ್ತದೆ. ಇದೂ ಅಂಥದ್ದೇನಾದರೂ ಇರಬಹುದೇ?

‘ಅದೇನೂ ಇಲ್ಲ, ಮಾತಿನ ರೂಢಿ’ ಎಂದು ಉತ್ತರ ಬರೆಯಲು ಕುಳಿತವನು, ಬರೆಯಲಾರದೆ, ಮಗಳ ಹೆಡ್‌ಫೋನ್ ಹಾಕಿಕೊಂಡು ಊಟದ ಮೇಜಿನ ಮೇಲೆ ಆ ಧ್ವನಿಮುದ್ರಣವನ್ನು ಮೊದಲಿನಿಂದ ಕೇಳಿದೆ. ಹಿಂದೆ ಶುಂಠಿ ಗೋಣಿಗೆ ಬೀಳುವ ಟಪ್ ಟಪ್ ಸದ್ದು. ಯಜಮಾನರ ನಿಧಾನದ ಮಾತು. ಅದು ಮುಗಿಯುವುದರೊಳಗೇ ಅದರ ಮೇಲೆ ಹತ್ತಿಕೊಳ್ಳುವ ನನ್ನ ದೊಡ್ಡ ದನಿಯ ಇಂಗ್ಲಿಷ್. ಹಾಳೆಯ ಮೇಲೆ ಗೀಟು ಹಾಕುತ್ತ ಎಣಿಸಿದೆ. ಒಂದು ಗಂಟೆ ಹತ್ತು ನಿಮಿಷದ ಮಾತುಕತೆಯಲ್ಲಿ ಅವರು 43 ಸಲ ‘ಅಂತೆ’ ಎಂದಿದ್ದರು. ನಾನು ದಾಟಿಸಿದ್ದು 2. ‘ಬಂತಂತೆ, ಆನೆ’ ಎಂದು ಅವರು ಒಮ್ಮೆಯೂ ಹೇಳಿರಲಿಲ್ಲ. ಆನೆಯನ್ನು ಅವರು ಕಂಡಿದ್ದರು, ತುಳಿದುಹೋದ ಗದ್ದೆ ಅವರದೇ. ಸಾವಿರದೈನೂರು ವರ್ಷವನ್ನು ಅವರು ಕಂಡಿರಲಿಲ್ಲ, ಕೇಳಿದ್ದರು. ಎರಡರ ನಡುವಿನ ಗೆರೆಯನ್ನು ಅವರು ನಲವತ್ತಮೂರು ಸಲ ಎಳೆದಿದ್ದರು, ನಾನು ನಲವತ್ತೊಂದು ಸಲ ಅಳಿಸಿದ್ದೆ. ‘ನಮ್ಮ’ ಊರಿನ ಶಾಸನ ಎಂಬುದರ ‘ನಮ್ಮ’ ಅವರದಲ್ಲ, ‘ಉಳಿದಿರುವುದು ಮಾತ್ರ’ ಎಂಬುದರ ‘ಮಾತ್ರ’ವೂ ಅವರದಲ್ಲ. ಕರಡಿನಲ್ಲಿದ್ದ ವಂಚಿತಭಾವದ ಇಡೀ ಪ್ಯಾರಾ ನನ್ನ ಆ ಒಂದು ‘ಮಾತ್ರ’ದ ಮೇಲೆ ನಿಂತಿತ್ತು.

ಅಳಿಸುವುದು ನನಗೆ ಕೈಬಂದ ವಿದ್ಯೆ. ‘ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದನಂತೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆದ ಹುಡುಗರ ‘ಅಂತೆ’ಗೆ ಇಪ್ಪತ್ತೊಂಬತ್ತು ವರ್ಷ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಇತಿಹಾಸ ಅಂತೆಕಂತೆಯಲ್ಲ ಎಂದು ತರಗತಿಯಲ್ಲಿ ಗದರಿದ್ದೇನೆ. ಆ ಹುಡುಗರು ಬರೆದದ್ದು ಮೋಸವಿಲ್ಲದ ಮಾತು. ಅವರಿಗೆ ಅದು ಗೊತ್ತಾದದ್ದು ನಾನು ಹೇಳಿದ್ದರಿಂದ ತಾನೆ.

ತಿದ್ದುವ ಕೆಲಸಕ್ಕೆ ಎರಡು ತಿಂಗಳು ಬೇಕಾಯಿತು. ಹದಿನೇಳು ಧ್ವನಿಮುದ್ರಣಗಳನ್ನು ಪದಬಿಡದೆ ಕನ್ನಡದಲ್ಲಿ ಬರೆದುಕೊಂಡೆ; ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಕಂಡದ್ದೋ, ಕೇಳಿದ್ದೋ, ಓದಿದ್ದೋ ಎಂದು ಗುರುತು ಹಾಕಿದೆ; ನಾನು ಕೇಳಿದ ಪ್ರಶ್ನೆಯ ಮಾತುಗಳನ್ನೂ ಮರೆಮಾಚದೆ ಬರೆದೆ. ಹೆಮ್ಮೆ ಎಂಬ ಪದ ಜನರ ಬಾಯಲ್ಲಿ ಮೊದಲು ಹುಟ್ಟಿದ್ದು ಎಲ್ಲಿ ಎಂದು ಹುಡುಕಿದರೆ, ಹದಿನಾಲ್ಕು ಕಡೆ ಅದು ನನ್ನ ಪ್ರಶ್ನೆಯಿಂದ ಮರಳಿ ಬಂದದ್ದು. ಇನ್ನೂ ಒಂದು ಸಂಗತಿ ಅಲ್ಲಿತ್ತು. ಅದೇ ಯಜಮಾನರನ್ನು, ಸಾವಿರದೈನೂರು ವರ್ಷ ಎಂದು ನಿಮಗೆ ಯಾರು ಹೇಳಿದರು ಎಂದು ಸಂಶೋಧಕಿ ಒಮ್ಮೆ ಕೇಳಿದ್ದರು. ಅದಕ್ಕೆ ಅವರು, ‘ಇನ್ಯಾರು, ನಿಮ್ಮಂಥ ಮೇಷ್ಟ್ರುಗಳೇ. ಹುಡುಗರನ್ನ ವ್ಯಾನಲ್ಲಿ ಕರ್ಕೊಂಡ್ ಬಂದು ಕೂಗಿ ಕೂಗಿ ಹೇಳ್ತಾರಲ್ಲ’ ಎಂದಿದ್ದರು. ಇದನ್ನು ನಾನು ನಗುತ್ತ ‘ಶಾಲೆಯವರು’ ಎಂದು ದಾಟಿಸಿ ಮುಂದೆ ಹೋಗಿದ್ದೆ. ವಿದ್ವಾಂಸರ ಅಂದಾಜು ಪಠ್ಯಪುಸ್ತಕಕ್ಕೆ ಬಂತು, ಪಠ್ಯಪುಸ್ತಕದಿಂದ ಮೇಷ್ಟ್ರ ಬಾಯಿಗೆ ಬಂತು, ಮೇಷ್ಟ್ರ ಬಾಯಿಂದ ಜಗಲಿಗೆ, ಜಗಲಿಯಿಂದ ಇನ್ನೊಬ್ಬ ಮೇಷ್ಟ್ರ ಮೂಲಕ ವಿದೇಶದ ವಿದ್ವಾಂಸರ ಕೈಗೆ ‘ಜನರ ನಂಬಿಕೆ’ಯಾಗಿ ಸೇರಿತು. ದಾರಿಯುದ್ದಕ್ಕೂ ಇದ್ದ ಅಂದಾಜುಗಳು ಒಂದೊಂದಾಗಿ ಉದುರಿಹೋಗಿದ್ದವು. ಜಗಲಿಯ ಮೇಲೆ ಮಾತ್ರ ಅದು ಮತ್ತೆ ಚಿಗುರಿತ್ತು, ‘ಅಂತೆ’ಯ ರೂಪದಲ್ಲಿ.

ಈ ಕೆಲಸ ಮಾಡುತ್ತಿದ್ದೇನೆಂದು ತಿಳಿದ ಗೆಳೆಯರೊಬ್ಬರು, ಕನ್ನಡದ ಕೆಲಸಕ್ಕೆಂದು ಮನೆಮಠ ಬಿಟ್ಟು ಓಡಾಡಿದವರು, ನನ್ನ ಮೇಲೆ ರೇಗಿದರು. ‘ಹೊರಗಿನೋರ ಮುಂದೆ ಯಾಕ್ರೀ ಮನೆ ದೌರ್ಬಲ್ಯ ಬಿಚ್ಚಿಡ್ತೀರಿ? 2008ರಲ್ಲಿ ಶಾಸ್ತ್ರೀಯ ಭಾಷೆ ಅಂತ ಒಪ್ಪಿಸೋಕೆ ಎಷ್ಟು ಒದ್ದಾಡಿದ್ವಿ, ಆ ಕಲ್ಲು ಇರ್ಲಿಲ್ಲ ಅಂದಿದ್ರೆ?’ ಕಲ್ಲಿನ ಕಾಲಕ್ಕೆ ನನ್ನ ತಿದ್ದುಪಡಿಯಿಂದ ಕೂದಲೆಳೆಯಷ್ಟೂ ಧಕ್ಕೆಯಿಲ್ಲ, ಅದನ್ನು ತೀರ್ಮಾನಿಸುವುದು ಲಿಪಿಶಾಸ್ತ್ರ ಬಲ್ಲವರು. ತಾಳಗುಂದದ ಸಿಂಹಕಟಾಂಜನದ, ಅಂದರೆ ಸಿಂಹದ ಕೆತ್ತನೆಯ ಕಟಕಟೆಯ ಮೇಲಿನ, ಶಾಸನ ಸಿಕ್ಕಿ, ಅದು ಕ್ರಿ.ಶ. 370ರದು, ಹಲ್ಮಿಡಿಗಿಂತ ಹಳೆಯದು ಎಂಬ ವಾದ ಬಂದಾಗಲೂ ಕನ್ನಡವೇನೂ ಬಡವಾಗಲಿಲ್ಲ; ಇಲ್ಲಿ ವಿಷಯ ಒಬ್ಬ ಮನುಷ್ಯ ಏನು ಹೇಳಿದ ಎಂಬುದು ಎಂದು ವಿವರಿಸಿದೆ. ಅವರು ಒಪ್ಪಲಿಲ್ಲ. ಅವರ ಸಿಟ್ಟನ್ನು ನಾನು ಹಗುರವಾಗಿ ಕಾಣಲಾರೆ. ಹೊರಗಿನವನ ಒಂದು ವಾಕ್ಯ ಒಂದು ಜನಸಮುದಾಯವನ್ನು ಎಷ್ಟು ಕಾಲ ಕುಟುಕಬಲ್ಲದು ಎಂಬುದಕ್ಕೆ ಸಂಶೋಧಕಿಯ ದೇಶವೇ ಸಾಕ್ಷಿ. ಗ್ರೀಸ್ ಸ್ವತಂತ್ರ ರಾಜ್ಯವೆಂದು ಮನ್ನಣೆ ಪಡೆದ 1830ರಲ್ಲಿಯೇ ಫಾಲ್ಮೆರಾಯರ್ ಎಂಬ ಜರ್ಮನ್ ವಿದ್ವಾಂಸ, ಇಂದಿನ ಗ್ರೀಕರಲ್ಲಿ ಪ್ರಾಚೀನ ಗ್ರೀಕರ ರಕ್ತವೇ ಇಲ್ಲ, ಅವರೆಲ್ಲ ಸ್ಲಾವ್ ಮೂಲದವರು ಎಂದು ಬರೆದ. ಅವನಿಗೆ ಅಲ್ಲಿ ನಂಟರಿರಲಿಲ್ಲ, ಹೊಲಮನೆಯಿರಲಿಲ್ಲ. ಆದರೂ ರಷ್ಯಾ ದಕ್ಷಿಣಕ್ಕೆ ಚಾಚೀತೆಂಬ ಅಳುಕನ್ನು ಅವನು ಮನೆಯಿಂದಲೇ ಹೊತ್ತು ತಂದಿದ್ದ. ಅವನಿಗೆ ಉತ್ತರ ಕೊಡುವುದಕ್ಕೆಂದೇ ಗ್ರೀಕ್ ಇತಿಹಾಸಕಾರರು, ಜಾನಪದ ವಿದ್ವಾಂಸರು, ಪ್ರಾಚೀನದಿಂದ ಇಂದಿನವರೆಗೆ ಎಲ್ಲಿಯೂ ಕಡಿಯದ ಒಂದು ದಾರವನ್ನು ಹೊಸೆಯುತ್ತ ತಲೆಮಾರುಗಳನ್ನೇ ಕಳೆದರು. ಆಮೇಲೆ ಆ ದಾರವನ್ನು ಮುಟ್ಟಿದವರಿಗೆ ಏನಾಯಿತೆಂಬುದಕ್ಕೂ ನಿದರ್ಶನವಿದೆ: ಅನಸ್ತಾಸಿಯಾ ಕರಕಸಿದು ಎಂಬ ಮಾನವಶಾಸ್ತ್ರಜ್ಞೆ ಗ್ರೀಸ್‌ನ ಮ್ಯಾಸಿಡೋನಿಯ ಸೀಮೆಯ ಸ್ಲಾವಿಕ್ ನುಡಿಯವರು ಹೇಗೆ ಗ್ರೀಕರಾದರೆಂಬುದನ್ನು ಅಧ್ಯಯನ ಮಾಡಿದಾಗ ಜೀವಬೆದರಿಕೆಗಳು ಬಂದವು, ಗ್ರೀಸ್‌ನಲ್ಲಿರುವ ತನ್ನ ಸಿಬ್ಬಂದಿಗೆ ಅಪಾಯವಾದೀತೆಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಣೆಯಿಂದ ಹಿಂದೆ ಸರಿಯಿತು, 1997ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಆ ಪುಸ್ತಕವನ್ನು ಪ್ರಕಟಿಸಿತು.

ನಮ್ಮ ಸಂಶೋಧಕಿ ಇಷ್ಟು ದೂರ ಬಂದದ್ದು ಆ ಬೆದರಿಕೆಯಿಂದ ತಪ್ಪಿಸಿಕೊಳ್ಳಲು. ಇಲ್ಲಿ ಅವರನ್ನು ಬೈಯುವವರು ಯಾರೂ ಇರಲಿಲ್ಲ, ಸರಿ, ತಿದ್ದುವವರೂ ಇರಲಿಲ್ಲ. ಅವರ ಊರಿನಲ್ಲಾದರೆ ಅಜ್ಜಿಯ ವಾಕ್ಯವನ್ನು ಯಾರಾದರೂ ತಿರುಚಿದ ಕೂಡಲೇ ಅವರ ಕಿವಿಯೇ ಹೇಳುತ್ತಿತ್ತು. ಇಲ್ಲಿ ಅವರ ಕಿವಿ ನಾನು. ಲೂಯಿಸ್ ರೈಸ್ ಅವರ ಶಾಸನ ಸಂಪುಟಗಳನ್ನು ಬಳಸುವಾಗಲೆಲ್ಲ ನನಗೆ ಈಗ ಇದು ನೆನಪಾಗುತ್ತದೆ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ, ಕನ್ನಡ ಬಲ್ಲ ಆ ಆಂಗ್ಲರು ಒಳಗಿನವರೋ ಹೊರಗಿನವರೋ ಎಂದು ನಾವು ತರ್ಕಿಸುತ್ತೇವೆ. 1902ರಲ್ಲಿ ಹೊರಬಂದ ಹಾಸನ ಜಿಲ್ಲೆಯ ಸಂಪುಟಕ್ಕಾಗಿ ಊರೂರಿನ ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅಕ್ಷರ ಎತ್ತಿದ ಪಂಡಿತರು ಏನು ಬಿಟ್ಟರು, ಏನು ಸೇರಿಸಿದರು ಎಂದು ಕೇಳುವುದಿಲ್ಲ.

ತಿದ್ದಿದ ಪ್ರತಿಯನ್ನು ಕಳಿಸುವ ಮೊದಲು, ಅದನ್ನು ಯಜಮಾನರಿಗೆ ಕನ್ನಡದಲ್ಲಿ ಓದಿ ಹೇಳಿಬನ್ನಿ ಎಂದು ಸಂಶೋಧಕಿ ಬರೆದರು. ನವೆಂಬರ್ ಎರಡನೆಯ ವಾರ ಒಬ್ಬನೇ ಹೋದೆ. ರಾಜ್ಯೋತ್ಸವದ ಹಳದಿ ಕೆಂಪು ಬಂಟಿಂಗ್ಸ್ ಇನ್ನೂ ಅಲ್ಲಲ್ಲಿ ತೂಗುತ್ತಿತ್ತು. ಯಜಮಾನರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಕಪ್ಪು ಕನ್ನಡಕ ಹಾಕಿ ಅದೇ ಜಗಲಿಯ ಮೇಲೆ ಕುಳಿತಿದ್ದರು. ಅವರ ಮಾತುಗಳನ್ನು ‘ಅಂತೆ’ ಸಮೇತ ಓದಿ ಹೇಳಿದೆ. ನಡುನಡುವೆ ‘ಹೌದೌದು’ ಎಂದರು. ಹೆಮ್ಮೆಯ ಜಾಗಕ್ಕೆ ಬಂದಾಗ, ಅದು ನಾನು ಸೇರಿಸಿದ ಪದ, ನೀವು ಹೇಳಿದ್ದು ‘ಹೂಂ ಮತ್ತೆ’ ಎಂದಷ್ಟೇ, ಅದಕ್ಕೆ ಅದನ್ನು ತೆಗೆದಿದ್ದೇನೆ ಎಂದು ವಿವರಿಸಿದೆ.

ಅವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ‘ಯಾಕ್ ತೆಗುದ್ರಿ?’

‘ನೀವು ಹೇಳಿರಲಿಲ್ಲವಲ್ಲ ಯಜಮಾನ್ರೇ.’

‘ಹೇಳಿರ್ಲಿಲ್ಲ, ಸರಿ. ಈಗ ಹೇಳ್ತಾ ಇದೀನಿ, ಬರ್ಕೊಳ್ಳಿ. ಆಯಮ್ಮ ಅಷ್ಟು ದೂರದಿಂದ ಬಂದು ಕೇಳಿದ್ದಕ್ಕೆ ನಮ್ಮೂರೋರು ಹೆಮ್ಮೆ ಇಲ್ಲ ಅಂದ್ರು ಅಂತ ಆದ್ರೆ ಚೆನ್ನಾಗಿರುತ್ತಾ?’

ಇದನ್ನು ಹೇಗೆ ದಾಖಲಿಸುವುದೆಂದು ಆ ರಾತ್ರಿ ನಾವಿಬ್ಬರೂ ಫೋನಿನಲ್ಲಿ ಬಹಳ ಹೊತ್ತು ಚರ್ಚಿಸಿದೆವು. ಅಚ್ಚಾಗಲಿರುವ ಪ್ರತಿಯಲ್ಲಿ ಈಗ ಎರಡು ಉತ್ತರಗಳೂ ಒಂದರ ಕೆಳಗೊಂದು ಇವೆ, ಒಂದಕ್ಕೆ ಜನವರಿಯ ತಾರೀಖು, ಇನ್ನೊಂದಕ್ಕೆ ನವೆಂಬರಿನದು. ಎರಡನೆಯದರ ಪಕ್ಕದಲ್ಲಿ, ಈ ಸಲ ಜೊತೆಗೆ ಸಂಶೋಧಕಿ ಇರಲಿಲ್ಲ, ಪ್ರಶ್ನೆ ಕೇಳಿದವನು ಮತ್ತು ಅನುವಾದಿಸಿದವನು ಒಬ್ಬನೇ, ಅವನು ಅದೇ ಜಿಲ್ಲೆಯ ನಿವೃತ್ತ ಇತಿಹಾಸ ಉಪನ್ಯಾಸಕ ಎಂಬ ಒಕ್ಕಣೆಯೂ ಇದೆ. ನಾನು ಹೊರಟು ಬರುವಾಗ ಯಜಮಾನರ ಸೊಸೆ ಒಳಗಿನಿಂದ, ಮೇಷ್ಟ್ರು ಯಾಕೆ ಬಂದಿದ್ದರು ಎಂದು ಕೇಳಿದ್ದು, ಅವರು ‘ಅದೇ ಆ ಕಲ್ಲಿಂದು, ಪುಸ್ತಕ ಆಗುತ್ತಂತೆ’ ಎಂದದ್ದು ಕೇಳಿಸಿತು.